ಇಬ್ಬುಡ್ಲದ ಬಳಿ ಸಕ್ಕರೆ ಕೇಳಬೇಡಿ

ಕೈತೋಟ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಕಳೆದ ಸಂಚಿಕೆಯಲ್ಲಿ ಬಿರಿದ ಇಬ್ಬುಡ್ಲದ (ಕರಬೂಜದ ಬಂಧು, ಹಣ್ಣಾದಾಗ ತಾನಾಗಿ ಬಿರಿಯುವ ಬಳ್ಳಿಹಣ್ಣು) ಚಿತ್ರವೊಂದು ಅಚ್ಚಾದದ್ದೇ ತಡ, ಬದನೆ, ಬೆಂಡೆ, ಬಸಳೆ ಎನ್ನುತ್ತಿದ್ದವರೆಲ್ಲ ಅವನ್ನು ಬದಿಗಿಟ್ಟು ಇಬ್ಬುಡ್ಲದ ಹಿಂದೆ ಬಿದ್ದಿದ್ದಾರೆ. ಹಾಗಾಗಿ ಈ ಸಲದ ಪುಟವೆಲ್ಲ ಅದಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಅಕ್ಕಾ, ನಮ್ಮದು ಹತ್ತು ಸೆಂಟ್ಸ್ ಜಾಗ, ಮುರಕಲ್ಲಿನ ನೆಲ. ಅಜ್ಜನ ಮನೆಯ ಗದ್ದೆಯಲ್ಲಿ ಇಬ್ಬುಡ್ಲ ಬೆಳೆಯುತ್ತಿದ್ದರು. ಗದ್ದೆ ಇಲ್ಲದ ನಾವು ಅಂಗಳದಲ್ಲಿ ಬೆಳೆಯಬಹುದೇ? ಯಾವಾಗ ಬಿತ್ತಬೇಕು?
(ಗೃಹಿಣಿ, ಕುಂಬಳೆ)

ಖಂಡಿತ ಬೆಳೆಯಬಹುದು. ಆದರೆ ಅದು ಗದ್ದೆಗೆ ಯಾಕೆ ಹೋಯಿತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಭತ್ತಕ್ಕೆ ಮೂರು ಕಾಲ. ಸುಗ್ಗಿಯ ಕೊಯಿಲು ಮುಗಿದ ಮೇಲೆ ಬೇಸಿಗೆಯ ಕೊಳಕೆಗೆ ನೀರು ಸಾಲದ ಗದ್ದೆಗಳಲ್ಲಿ ಹಿರಿಯರು ಸೌತೆ, ಬಚ್ಚಂಗಾಯಿ (ಕಲ್ಲಂಗಡಿ), ಇಬ್ಬುಡ್ಲ ಹಾಕುತ್ತಿದ್ದರು. ಅಲ್ಲಿ ಅಡ್ಡ ನೆರಳಿಲ್ಲ, ಮಣ್ಣಿನ ಅಡಿಯಲ್ಲಿ ತೇವ ಇನ್ನೂ ಉಳಿದಿರುತ್ತದೆ, ಮೇಲ್ಮಣ್ಣು ಒಣಗಿರುತ್ತದೆ. ಇಬ್ಬುಡ್ಲಕ್ಕೆ ಬೇಕಾದದ್ದು ಇಷ್ಟೇ. ಇಂದು ಹೆಚ್ಚಿನವರು ಸೋಲುವುದು ನೆರಳಿನಿಂದ. ತೆಂಗಿನ ಬುಡದಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ಬೀಜ ಹಾಕಿ, ಬಳ್ಳಿ ಮೂರು ಮಾರು ಹಬ್ಬಿದೆ, ಒಂದು ಮಿಡಿಯೂ ಇಲ್ಲ ಎಂದು ನನಗೆ ಬರೆಯುತ್ತಾರೆ. ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೀಳುವ ಜಾಗ ನಿಮ್ಮಲ್ಲಿ ಇಲ್ಲವಾದರೆ ಇಬ್ಬುಡ್ಲದ ಆಸೆ ಬಿಟ್ಟು ಕೆಸು ನೆಡಿ. ಅಡಿಕೆ ಒಣಗಿಸುವ ಅಂಗಳದ ಅಂಚು ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ.

ಮಕರ ಸಂಕ್ರಮಣದ ಹೊತ್ತಿಗೆ ಬಿತ್ತಿದರೆ ಏಪ್ರಿಲ್ ನಡುವಿನ ಬಿಸು ಹಬ್ಬದ ಕಣಿಗೆ ಹಣ್ಣು ಸಿಗುತ್ತದೆ. ಬೀಜದಿಂದ ಮೊದಲ ಹಣ್ಣಿಗೆ ಎರಡೂವರೆ ತಿಂಗಳು ಹಿಡಿಯಿರಿ. ಶಿವರಾತ್ರಿಯ ತನಕವೂ ಬಿತ್ತಬಹುದು. ಅಲ್ಲಿಂದ ಮುಂದೆ ತಡಮಾಡಿದರೆ ಮೇ ತಿಂಗಳ ಗುಡುಗುಮಳೆಗೆ ಹಣ್ಣು ಸಿಕ್ಕಿಕೊಳ್ಳುತ್ತದೆ. ಬಿರಿದ ಹಣ್ಣಿನೊಳಗೆ ಒಂದು ಮಳೆ ನೀರು ಹೊಕ್ಕರೆ ಅದನ್ನು ದನವೂ ಮೂಸುವುದಿಲ್ಲ.

ಮುರಕಲ್ಲನ್ನು ಅಗೆದು ಸೊಂಟ ನೋಯಿಸಿಕೊಳ್ಳಬೇಡಿ. ನೆಲದ ಮೇಲೆಯೇ ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಗುಡ್ಡೆ ಮಾಡಿ, ಸುತ್ತ ತೆಂಗಿನ ಸಿಪ್ಪೆ ಒತ್ತಿಡಿ. ಗುಡ್ಡೆಯಿಂದ ಗುಡ್ಡೆಗೆ ಎರಡು ಮೀಟರ್ ಅಂತರ ಇರಲಿ. ತೋಟದ ಮೇಲ್ಮಣ್ಣು, ಸುಡುಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಮೂರನ್ನೂ ಸಮಸಮ ಬೆರೆಸಿ ತುಂಬಿಸಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ನೀರು ತೊಳೆದ ಮಣ್ಣು ಹುಳಿಯಾಗದೆ ಇರುವುದಿಲ್ಲ. ಆದ್ದರಿಂದ ಗೊಬ್ಬರ ಸೇರಿಸುವುದಕ್ಕೆ ಎರಡು ವಾರ ಮೊದಲೇ ಗುಡ್ಡೆಗೆ ಎರಡು ಹಿಡಿ ಸುಣ್ಣದ ಪುಡಿಯನ್ನೋ ಡೋಲಮೈಟನ್ನೋ ಬೆರೆಸಿ ನೀರು ಚಿಮುಕಿಸಿ ಬಿಡಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ.

ಬೀಜವನ್ನು ರಾತ್ರಿ ನೆನೆಸಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಊರಿ. ಗುಡ್ಡೆಗೆ ನಾಲ್ಕೈದು ಬೀಜ ಹಾಕಿ ಎರಡು ವಾರದ ಬಳಿಕ ಗಟ್ಟಿಯಾದ ಎರಡನ್ನೋ ಮೂರನ್ನೋ ಉಳಿಸಿಕೊಳ್ಳಿ. ಉಳಿದವನ್ನು ಕೀಳಬೇಡಿ, ಬುಡದಲ್ಲಿ ಕತ್ತರಿಸಿ. ಕೀಳುವಾಗ ಪಕ್ಕದ ಗಿಡದ ಬೇರೂ ಅಲುಗುತ್ತದೆ. ಎರಡೆಲೆಯ ಹಂತದಲ್ಲಿ ಕಿತ್ತಳೆ ಬಣ್ಣದ ಕುಂಬಳ ದುಂಬಿ ಬಂದು ಎಲೆಯನ್ನು ಜರಡಿ ಮಾಡುತ್ತದೆ. ಇಬ್ಬನಿ ಆರುವ ಮೊದಲು ಎಲೆಗಳ ಮೇಲೆ ಒಲೆಯ ಬೂದಿ ಉದುರಿಸಿ, ದುಂಬಿಯನ್ನು ಬೆಳಗ್ಗೆಯೇ ಕೈಯಲ್ಲಿ ಹಿಡಿಯಿರಿ. ಬಿಸಿಲೇರಿದ ಮೇಲೆ ಅದು ಕೈಗೆ ಸಿಗುವುದಿಲ್ಲ.

ಐದಾರು ಎಲೆ ಬಂದಾಗ ಕುಡಿ ಚಿವುಟಿ. ಹೆಣ್ಣು ಹೂಗಳು ಹೆಚ್ಚಾಗಿ ಬರುವುದು ಪಕ್ಕದ ಕವಲುಗಳಲ್ಲಿ, ಮುಖ್ಯ ಬಳ್ಳಿಯಲ್ಲಿ ಅಲ್ಲ. ಚಪ್ಪರ ಮಾತ್ರ ಬೇಡ. ಹಾಗಲ, ಪಡುವಲ, ಮುಳ್ಳುಸೌತೆ ಚಪ್ಪರಕ್ಕೆ ಹೇಳಿಮಾಡಿಸಿದವು. ಇಬ್ಬುಡ್ಲ ಹಣ್ಣಾಗುವಾಗ ತೊಟ್ಟಿನಿಂದ ತಾನಾಗಿ ಕಳಚುತ್ತದೆ, ಎತ್ತರದಿಂದ ಬಿದ್ದರೆ ನಿಮಗೆ ಉಳಿಯುವುದು ಅಂಗಳ ಒರೆಸುವ ಕೆಲಸ. ನೆಲದಲ್ಲಿ ತೆಂಗಿನ ಒಣ ಮಡಲು ಹಾಸಿ ಅದರ ಮೇಲೆ ಹಬ್ಬಲು ಬಿಡಿ. ದಾರಿಗೆ ಅಡ್ಡ ಬಂತೆಂದು ಬಳ್ಳಿಯನ್ನು ಎತ್ತಿ ಆಚೀಚೆ ತಿರುಗಿಸಬೇಡಿ.

ನೀರಿನ ವಿಚಾರ. ನಾನಿರುವುದು ಎಣ್ಮಕಜೆಯ ಗುಡ್ಡದ ಬದಿಯಲ್ಲಿ, ನಮಗೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು. ಮಾರ್ಚ್ ಬಂತೆಂದರೆ ಅದರ ಧಾರೆ ಕಿರುಬೆರಳಿನಷ್ಟಾಗುತ್ತದೆ. ಅಡಿಕೆಗೆ ಅದು ಎಲ್ಲಿಗೂ ಸಾಲದು, ಇಬ್ಬುಡ್ಲಕ್ಕೆ ಧಾರಾಳ. ಸಸಿಯಾಗಿರುವಾಗ ದಿನವೂ ಸ್ವಲ್ಪ, ಹೂ ಬಂದ ಮೇಲೆ ಎರಡು ದಿನಕ್ಕೊಮ್ಮೆ ಬುಡಕ್ಕೆ ಒಂದು ಕೊಡಪಾನ. ಕಾಯಿ ಪೂರ್ಣ ಗಾತ್ರಕ್ಕೆ ಬಂದಮೇಲೆ ಕೈ ಬಿಗಿಹಿಡಿಯಿರಿ. ಆಗ ಸುರಿದ ನೀರು ಕಾಯಿಯನ್ನು ಹಣ್ಣಾಗುವ ಮೊದಲೇ ಸೀಳುತ್ತದೆ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ, ಎಲೆಯಡಿಯ ಬೂಜುರೋಗಕ್ಕೆ ಅದೇ ಆಹ್ವಾನ.

ಅಷ್ಟು ಆರೈಕೆ ಮಾಡಿ ಬೆಳೆದ ಇಬ್ಬುಡ್ಲ ಬಿರಿದು ಪರಿಮಳ ಬಂತು, ಬಾಯಿಗೆ ಹಾಕಿದರೆ ಸಪ್ಪೆ. ಪಕ್ಕದ ಮನೆಯವರು ಬೇಲಿಯ ಆಚೆ ಸೌತೆ ಹಾಕಿದ್ದಾರೆ. ಅದರ ಪರಾಗ ಬಿದ್ದು ಹೀಗಾಯಿತು ಎಂದು ನಮ್ಮವರು ಹೇಳುತ್ತಾರೆ. ನಿಜವೇ?
(ಓದುಗರು, ಮಂಜೇಶ್ವರ, ಇದೇ ದೂರು ಮುಳ್ಳೇರಿಯ, ವಿಟ್ಲಗಳಿಂದಲೂ)

ಪಕ್ಕದ ಮನೆಯವರ ಮೇಲೆ ಬೇರೆ ಯಾವ ದೂರಿದ್ದರೂ ಇರಲಿ, ಇದನ್ನು ಮಾತ್ರ ಹೊರಿಸಬೇಡಿ. ನೀವು ತಿನ್ನುವ ತಿರುಳು ತಾಯಿಬಳ್ಳಿಯ ಮೈಯದೇ ಭಾಗ. ಯಾವ ಪರಾಗ ಬಿದ್ದರೂ ಈ ವರ್ಷದ ಹಣ್ಣಿನ ರುಚಿ ಬದಲಾಗದು. ಪರಾಗದ ಪರಿಣಾಮ ಕಾಣುವುದು ಒಳಗಿನ ಬೀಜದಲ್ಲಿ, ಅಂದರೆ ಆ ಬೀಜ ಬಿತ್ತಿದ ಮುಂದಿನ ವರ್ಷದ ಕಾಯಲ್ಲಿ.

ನಿಮ್ಮ ಹಣ್ಣಿಗೆ ಏನೂ ಆಗಿಲ್ಲ. ಇಬ್ಬುಡ್ಲ ಇರುವುದೇ ಹಾಗೆ. ಒಳ್ಳೆಯ ಕರಬೂಜದ ರಸದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಸಿಹಿಯ ಅಂಶವಿರುತ್ತದೆ. ಇಬ್ಬುಡ್ಲದ್ದು ಅದರ ಅರ್ಧವೂ ಇಲ್ಲ. ಕರಬೂಜ, ಇಬ್ಬುಡ್ಲ, ನಮ್ಮ ಸಾಂಬಾರಿನ ಬಣ್ಣದ ಸೌತೆ ಇವೆಲ್ಲ ಕುಕುಮಿಸ್ ಮೆಲೊ ಎಂಬ ಒಂದೇ ಜಾತಿಯ ದಾಯಾದಿಗಳು. ಸಿಹಿಯ ಪಾಲು ಕರಬೂಜಕ್ಕೆ ಹೋಯಿತು, ಬಾಳಿಕೆಯ ಪಾಲು ಸೌತೆಗೆ ಬಂತು, ಮನೆಯ ಮಾಡಿಗೆ ಕಟ್ಟಿ ತೂಗಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಇಬ್ಬುಡ್ಲಕ್ಕೆ ದಕ್ಕಿದ್ದು ಪರಿಮಳ ಮತ್ತು ಬಾಯಲ್ಲಿ ಹಿಟ್ಟಿನಂತೆ ಕರಗುವ ತಿರುಳು. ಸಿಹಿಯನ್ನು ನಾವು ಬೆಲ್ಲದಿಂದ ಕೊಡಬೇಕು. ಕೇರಳದಲ್ಲೇ ನಮ್ಮಿಂದ ದಕ್ಷಿಣಕ್ಕೆ ಹೋದರೆ ಇದರದೇ ಬಂಧು ಪೊಟ್ಟುವೆಳ್ಳರಿ. ಕೊಡುಂಗಲ್ಲೂರಿನ ಪೊಟ್ಟುವೆಳ್ಳರಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಅವರೂ ಅದನ್ನು ಬೆಲ್ಲ, ತೆಂಗಿನಹಾಲು ಹಾಕಿಯೇ ಕುಡಿಯುತ್ತಾರೆ. ಸಪ್ಪೆ ಎಂದು ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ಸಪ್ಪೆ ಬೇರೆ, ಕಹಿ ಬೇರೆ. ಕಾಯಿ ಕಚ್ಚಿದ ತಕ್ಷಣ ನಾಲಗೆ ಸುಡುವಂಥ ಕಹಿಯಿದ್ದರೆ ಉಗುಳಿಬಿಡಿ. ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥ ಹೊಟ್ಟೆಯನ್ನು ಚೆನ್ನಾಗಿ ಕೆಡಿಸುತ್ತದೆ. ಬೆಲ್ಲ ಹಾಕಿ ಸರಿಮಾಡುತ್ತೇನೆ ಎಂದು ಹೊರಡಬೇಡಿ, ಬೇಯಿಸಿದರೂ ಅದು ಹೋಗದು. ಅಂಥ ಬಳ್ಳಿಯ ಬೀಜವನ್ನೂ ಇಟ್ಟುಕೊಳ್ಳಬೇಡಿ.

ಹೂ ರಾಶಿ ರಾಶಿ ಬರುತ್ತದೆ, ಎಲ್ಲ ಉದುರುತ್ತದೆ. ಗೊಬ್ಬರ ಸಾಲದೆಂದು ನೆಲಗಡಲೆ ಹಿಂಡಿ ನೆನೆಸಿ ವಾರಕ್ಕೆರಡು ಸಲ ಹಾಕುತ್ತಿದ್ದೇನೆ.
(ನಿವೃತ್ತ ನೌಕರರು, ಉಪ್ಪಳ)

ಮೊದಲು ಆ ಹಿಂಡಿ ನಿಲ್ಲಿಸಿ. ನೀವು ಎಲೆ ಬೆಳೆಸುತ್ತಿದ್ದೀರಿ. ಅದರ ಬದಲು ಬುಡಕ್ಕೆ ಬೂದಿ ಹಾಕಿ.

ಮೊದಲ ಒಂದು ವಾರ, ಹತ್ತು ದಿನ ಬರುವುದೆಲ್ಲ ಗಂಡು ಹೂ. ಅವು ಉದುರಲೆಂದೇ ಬರುವವು, ಅದಕ್ಕಾಗಿ ಕೊರಗಬೇಡಿ. ಹೆಣ್ಣು ಹೂವಿನ ಕೆಳಗೆ ಕಿರುಬೆರಳಿನ ಉಗುರಿನಷ್ಟು ರೋಮದ ಮಿಡಿ ಇರುತ್ತದೆ. ಅಂಥ ಹೂಗಳು ಬಂದೂ ಮಿಡಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ತಲುಪಿಲ್ಲ ಎಂದು ಅರ್ಥ. ತೊಡುವೆ, ಮುಜಂಟಿ ಜೇನುನೊಣಗಳು ಬರುವ ಮನೆಯಲ್ಲಿ ಈ ತೊಂದರೆ ಕಡಿಮೆ. ಬಾರದಿದ್ದರೆ ಆ ಕೆಲಸ ನಿಮ್ಮದು. ಬೆಳಗ್ಗೆ ಎಂಟು ಗಂಟೆಯ ಒಳಗೆ ಆಗ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಒರೆಸಿ. ಹತ್ತು ಗಂಟೆಗೆ ಚಹಾ ಕುಡಿದು ಹೋದರೆ ಪ್ರಯೋಜನವಿಲ್ಲ, ಏಪ್ರಿಲ್ ಬಿಸಿಲಿಗೆ ಪರಾಗ ಸತ್ತಿರುತ್ತದೆ.

ಮಿಡಿ ನಿಂಬೆಯಷ್ಟಾದಾಗ ಸೊಟ್ಟಗಾಗಿ ಕೊಳೆಯುತ್ತದೆ. ನಾನು ಬೆರಳು ತೋರಿಸಿ ಎಣಿಸಿದ್ದರಿಂದ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ. ತುಳಸಿ ಎಲೆಯ ಬಲೆ ಕಟ್ಟಿದೆ, ಉಪಯೋಗವಾಗಲಿಲ್ಲ. ಫುರಡಾನ್ ಕೀಟನಾಶಕ ಹಾಕಬಹುದೇ?
(ಸೊಸೆ ಎಂದಷ್ಟೇ ಬರೆಯಿರಿ ಎಂದವರು, ಬದಿಯಡ್ಕ)

ನಿಮ್ಮ ಅತ್ತೆಗೆ ಈ ಪುಟವನ್ನು ಗಟ್ಟಿಯಾಗಿ ಓದಿ ಹೇಳಿ. ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ನನ್ನ ಅತ್ತೆಯೂ ಹೇಳುತ್ತಿದ್ದರು. ಮಿಡಿಯನ್ನು ಮುಟ್ಟಬೇಕಾದರೂ ಮಡಿಸಿದ ಬೆರಳಿನಿಂದ ಮುಟ್ಟಬೇಕಿತ್ತು. ಕೊಳೆತ ಒಂದು ಮಿಡಿಯನ್ನು ಅವರ ಎದುರೇ ಸೀಳಿ, ಒಳಗೆ ಬಿಳಿ ಹುಳ ಜಿಗಿಯುವುದು ಕಾಣುತ್ತದೆ. ಅದು ಹಣ್ಣುನೊಣದ ಮರಿ. ಹೆಣ್ಣು ನೊಣ ಎಳೆ ಮಿಡಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಬದಿ ಬೆಳೆಯದೆ ಮಿಡಿ ಸೊಟ್ಟಗಾಗುತ್ತದೆ.

ತುಳಸಿಯ ಬಲೆ ಸುಳ್ಳಲ್ಲ, ಆದರೆ ಅದಕ್ಕೆ ಬೀಳುವುದು ಮಾವಿನ ನೊಣ. ತುಳಸಿಯಲ್ಲಿರುವ ಮೀಥೈಲ್ ಯುಜೆನಾಲ್ ಎಂಬ ವಾಸನೆಗೆ ಅದರ ಗಂಡುಗಳು ಮುಗಿಬೀಳುತ್ತವೆ. ಸೌತೆ, ಹಾಗಲ, ಇಬ್ಬುಡ್ಲಗಳನ್ನು ಕೆಡಿಸುವ ನೊಣ ಬೇರೆ. ಅದಕ್ಕೆ ಕ್ಯೂ ಲೂರ್ ಎಂಬ ಮದ್ದು ಸವರಿದ ಬಿಲ್ಲೆಯ ಬಲೆ ಬೇಕು. ಕೃಷಿ ಭವನದಲ್ಲಿ, ಕಾಸರಗೋಡಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೂ ಬರುವ ಮೊದಲೇ ಕಟ್ಟಬೇಕು. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಮಿಡಿಗೆ ಹೊದಿಕೆಯೂ ಬೇಕು. ಹೂ ಬಾಡಿದ ಎರಡು ಮೂರು ದಿನದೊಳಗೆ ಹಳೆಯ ಪತ್ರಿಕೆಯ ಹಾಳೆಯ ಚೀಲ ಮಾಡಿ ಮಿಡಿಯನ್ನು ಅದರೊಳಗಿಟ್ಟು ತೊಟ್ಟಿನ ಬಳಿ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಕೊಳೆಯುತ್ತದೆ. ಕೆಟ್ಟ ಮಿಡಿಗಳನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣ ಸಾಕಿದ ಹಾಗೆ. ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ಮೇಲೇಳುತ್ತದೆ. ಅವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೂರು ನಾಲ್ಕು ದಿನ ಮುಚ್ಚಿಡಿ.

ಫುರಡಾನ್ ಕೇರಳದಲ್ಲಿ 2011ರಲ್ಲೇ ನಿಷೇಧವಾಗಿದೆ. ನಿಷೇಧವಾಗದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಲ್ಲಿ ನಮ್ಮದೂ ಒಂದು. ನಮ್ಮ ಪಂಚಾಯತಿನವರು ಹಿತ್ತಿಲಿನ ಹಣ್ಣಿಗೆ ವಿಷ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಬದಿಯಡ್ಕದವರು ಕೇಳಿದರೂ ಬರುತ್ತದೆ.

ಸೂಪರ್ ಮಾರ್ಕೆಟಿನಿಂದ ತಂದ ಕರಬೂಜ ಬಹಳ ಸಿಹಿಯಿತ್ತು. ಅದರ ಬೀಜ ಹಾಕಿದರೆ ಅಂಥದೇ ಹಣ್ಣು ಬರುತ್ತದೆಯೇ?
(ವಿದ್ಯಾರ್ಥಿ, ಹೊಸಂಗಡಿ)

ಹಣ್ಣು ಬರಬಹುದು, ಅಂಥದೇ ಬರುವುದಿಲ್ಲ. ಮಾರುಕಟ್ಟೆಯ ಕರಬೂಜ ಹೆಚ್ಚಿನದೂ ಹೈಬ್ರಿಡ್. ಅದರ ಬೀಜದ ಮಕ್ಕಳಲ್ಲಿ ಒಂದು ಅಜ್ಜನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ. ಕರಬೂಜವನ್ನೇ ಬೆಳೆಯಬೇಕೆಂಬ ಹಟವಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜೀತ್, ಅರ್ಕಾ ರಾಜಹಂಸ ತಳಿಗಳಿವೆ. ಅವು ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು. ಆದರೆ ಕರಬೂಜಕ್ಕೆ ಬೇಕಾದದ್ದು ಒಣ ಗಾಳಿ, ಉತ್ತರದ ನದಿಮರಳಿನ ಸೆಕೆ. ನಮ್ಮ ಕಡಲ ತೀರದ ಗಾಳಿಯಲ್ಲಿ ಹಣ್ಣಾಗುವ ಹೊತ್ತಿಗೆ ಎಲೆಗಳೆಲ್ಲ ಬೂಜು ಹಿಡಿದಿರುತ್ತವೆ. ಎಲೆ ಇಲ್ಲದ ಬಳ್ಳಿ ಸಕ್ಕರೆಯನ್ನು ಎಲ್ಲಿಂದ ತಂದೀತು?

ಮಂಗಗಳ ಕಾಟಕ್ಕೆ ಏನು ಮಾಡಲಿ?
(ಕೃಷಿಕರು, ಪೆರ್ಲ)

ಹಣ್ಣು ಕಾಣದಂತೆ ಒಣ ಮಡಲು ಮುಚ್ಚಿ, ಬಣ್ಣ ತಿರುಗಿದ ದಿನವೇ ಕೊಯ್ದು ಒಳಗಿಡಿ. ನಾಯಿ ಸಾಕಿ. ಹಂದಿ ಬಂದರೆ ಈ ಮೂರೂ ಸಾಲದು, ಬೇಲಿಯೇ ಬೇಕು.

ಹಣ್ಣಾದದ್ದು ತಿಳಿಯುವುದು ಹೇಗೆ? ಬಿರಿದ ಮೇಲೆ ಇರುವೆ ಮುತ್ತುತ್ತದೆ. ರಸಾಯನ ಮಾಡುವ ಕ್ರಮವನ್ನೂ ತಿಳಿಸಿ, ನಮ್ಮ ಮನೆಯಲ್ಲಿ ಹೇಳಿಕೊಡುವವರು ಯಾರೂ ಉಳಿದಿಲ್ಲ.
(ಊರು ಅಡ್ಯನಡ್ಕ, ಈಗ ಬೆಂಗಳೂರು)

ಹಸಿರು ಹೋಗಿ ಹಳದಿ ತಿರುಗುತ್ತದೆ, ತೊಟ್ಟಿನ ಸುತ್ತ ಸಣ್ಣ ಗೆರೆ ಬೀಳುತ್ತದೆ, ಬಗ್ಗಿ ಮೂಸಿದರೆ ಪರಿಮಳ ಬರುತ್ತದೆ. ಆಗಲೇ ಕೊಯ್ಯಿರಿ. ಒಣ ಬಾಳೆ ಎಲೆ ಸುತ್ತಿ ಬಾಳೆನಾರಿನಲ್ಲಿ ಕಟ್ಟಿ ಕೋಣೆಯ ಮೂಲೆಯಲ್ಲಿಟ್ಟರೆ ಒಂದೆರಡು ದಿನದಲ್ಲಿ ಕಟ್ಟಿನೊಳಗೇ ಬಿರಿಯುತ್ತದೆ, ತಿರುಳು ಚೆಲ್ಲುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಪರಿಮಳ ಸಾಯುತ್ತದೆ.

ಸಿಪ್ಪೆ ಕೈಯಲ್ಲೇ ಸುಲಿದು ಬರುತ್ತದೆ. ನಡುವಿನ ಬೀಜದ ಲೋಳೆಯನ್ನು ಎಸೆಯುವವರು ಬಹಳ ಮಂದಿ. ಪರಿಮಳವೆಲ್ಲ ಇರುವುದು ಅದರಲ್ಲಿ. ಲೋಳೆಯನ್ನು ಜರಡಿಗೆ ಹಾಕಿ ಅರ್ಧ ಲೋಟ ನೀರು ಬಿಟ್ಟು ಕೈಯಲ್ಲಿ ಹಿಸುಕಿ, ಕೆಳಗಿಳಿದ ರಸವನ್ನು ತೆಗೆದಿಡಿ. ತಿರುಳನ್ನು ಸೌಟಿನಲ್ಲಿ ಕಿವುಚಿದರೆ ಸಾಕು. ಮಿಕ್ಸಿಗೆ ಹಾಕಿದರೆ ಅಂಟಾಗುತ್ತದೆ. ಒಂದು ಹಣ್ಣಿಗೆ ಎರಡು ಅಚ್ಚು ಬೆಲ್ಲವನ್ನು ಆ ರಸದಲ್ಲಿ ಕರಗಿಸಿ ಸೋಸಿ ಹಾಕಿ. ಅರ್ಧ ತೆಂಗಿನಕಾಯಿಯ ದಪ್ಪ ಹಾಲು, ಎರಡು ಏಲಕ್ಕಿ, ಚಿಟಿಕೆ ಉಪ್ಪು, ಒಂದು ಚಮಚ ಹುರಿದ ಎಳ್ಳು. ಒಲೆಗೆ ಇಡಬಾರದು. ನೆನೆಸಿದ ಅವಲಕ್ಕಿ ಬೆರೆಸಿದರೆ ಅದೇ ಬೆಳಗಿನ ತಿಂಡಿಯಾಯಿತು. ತೆಂಗಿನಹಾಲು ಸೆಕೆಗೆ ಬೇಗ ಹುಳಿಯಾಗುವುದರಿಂದ ಮಾಡಿದ ಒಂದೆರಡು ಗಂಟೆಯೊಳಗೆ ಮುಗಿಸಿ. ಹೆಚ್ಚು ಕಾಯಿ ಹಿಡಿದಿದ್ದರೆ ಎಳೆಯದನ್ನು ಸಾಸಮೆಗೆ ತೆಗೆಯಿರಿ. ಸಾಸಿವೆ, ತೆಂಗಿನಕಾಯಿ, ಮಜ್ಜಿಗೆಯ ಜೊತೆ ಅದು ಮುಳ್ಳುಸೌತೆಗಿಂತ ರುಚಿ ಎಂಬುದು ನನ್ನ ಪಕ್ಷಪಾತ.

ಬೀಜ ಎಲ್ಲಿ ಸಿಗುತ್ತದೆ? ಬೀಜ ಕಳುಹಿಸುತ್ತೀರಾ? ಮುಂದಿನ ವರ್ಷಕ್ಕೆ ಕಾಪಿಡುವುದು ಹೇಗೆ?
(ಹಲವರು)

ಕಳುಹಿಸುವಷ್ಟು ಬೀಜ ನನ್ನಲ್ಲಿಲ್ಲ, ಆದ್ದರಿಂದ ಅಂಚೆಚೀಟಿ ಹಚ್ಚಿದ ಲಕೋಟೆಗಳನ್ನು ಕಳುಹಿಸಬೇಡಿ. ಕೃಷಿ ಭವನದ ತರಕಾರಿ ಪೊಟ್ಟಣದಲ್ಲಿ ವೆಳ್ಳರಿ ಎಂದು ಇದ್ದರೆ ಅದು ಸಾಂಬಾರಿನ ಸೌತೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಮುಡಿಕೋಡ್, ಸೌಭಾಗ್ಯ, ಅರುಣಿಮಾ ಇವೆಲ್ಲ ಒಳ್ಳೆಯ ತಳಿಗಳೇ, ಆದರೆ ಇಬ್ಬುಡ್ಲವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂತೆಯಲ್ಲೋ ಮಾರ್ಗದ ಬದಿಯಲ್ಲೋ ಮಾರಲು ಇಟ್ಟ ಬಿರಿದ ಹಣ್ಣೊಂದನ್ನು ಕೊಂಡರೆ ಒಂದೂರಿಗೆ ಸಾಕಾಗುವಷ್ಟು ಬೀಜ ಅದರಲ್ಲೇ ಇದೆ.

ಸ್ವಂತ ಬಳ್ಳಿಯಿಂದ ತೆಗೆಯುವಾಗ ಪಕ್ಕದ ಮನೆಯವರ ಸೌತೆಯ ವಿಚಾರ ನಿಜವಾಗಿಯೂ ಬರುತ್ತದೆ. ಬಣ್ಣದ ಸೌತೆಗೂ ಇಬ್ಬುಡ್ಲಕ್ಕೂ ಬೆರಕೆಯಾಗುತ್ತದೆ, ಮುಳ್ಳುಸೌತೆಯ ಜೊತೆ ಆಗುವುದಿಲ್ಲ. ನೂರಾರು ಮೀಟರ್ ದೂರದಿಂದಲೂ ಜೇನುನೊಣ ಪರಾಗ ತರುತ್ತದೆ, ಹಾಗಾಗಿ ಹತ್ತು ಸೆಂಟ್ಸಿನಲ್ಲಿ ದೂರ ನೆಡುವ ಮಾತೇ ಇಲ್ಲ. ನಾಳೆ ಅರಳುವ ಹೆಣ್ಣು ಮೊಗ್ಗನ್ನೂ ಗಂಡು ಮೊಗ್ಗನ್ನೂ ಇಂದು ಸಂಜೆ ನೂಲಿನಿಂದ ಬಾಯಿ ಕಟ್ಟಿ. ಬೆಳಗ್ಗೆ ಬಿಚ್ಚಿ ಪರಾಗ ಒರೆಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಕೆಂಪು ದಾರದ ಗುರುತು ಹಾಕಿ. ಆ ಹಣ್ಣು ಬಳ್ಳಿಯಲ್ಲೇ ಬಿರಿಯಲಿ. ಬೀಜವನ್ನು ಒಂದು ದಿನ ಲೋಳೆಯೊಡನೆ ಹುಳಿಯಲು ಬಿಟ್ಟು ತೊಳೆಯಿರಿ. ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿ, ಮಳೆಗಾಲ ಶುರುವಾಗುವ ಮೊದಲು ಗಾಜಿನ ಭರಣಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಮೂರು ವರ್ಷ ಮೊಳೆಯುತ್ತದೆ. ಭರಣಿಯ ಮೇಲೆ ವರ್ಷ ಬರೆದಿಡಿ.